ಸೋಯಾ ಮೇಣ ಬಂದರೆ ಬತ್ತಿಯೂ ಬದಲಾಗಬೇಕು

ಪ್ಯಾರಾಫಿನ್ ಬಿಟ್ಟು ಸೋಯಾ ಮಿಶ್ರ ಮೇಣಕ್ಕೆ ಬಂದವರ ಮೊದಲ ದೂರು ಹೆಚ್ಚುಕಡಿಮೆ ಒಂದೇ. ಗಾಜಿನ ಲೋಟ ಅದೇ, ಬತ್ತಿ ಅದೇ, ಸುಗಂಧ ತೈಲವೂ ಅದೇ. ಆದರೂ ಜ್ವಾಲೆ ಕುಗ್ಗುತ್ತದೆ, ನಡುವೆ ಬಾವಿ ತೋಡಿದ ಹಾಗೆ ಗುಂಡಿ ಬೀಳುತ್ತದೆ, ಅಂಚಿನ ಮೇಣ ಕರಗದೆ ಹಾಗೇ ಉಳಿಯುತ್ತದೆ. ಮೇಣವೇ ಸರಿಯಿಲ್ಲ ಎಂದು ಕೈಬಿಡುವವರೂ ಇದ್ದಾರೆ. ಮೇಣದ ಪಾಡಿಗೆ ಮೇಣ ಸರಿಯಾಗಿಯೇ ಇರುತ್ತದೆ; ಅದಕ್ಕೆ ಹೊಂದದ ಬತ್ತಿ ಅದರೊಳಗೆ ನಿಂತಿರುತ್ತದೆ.

ಎರಡು ಮೇಣಗಳ ಹುಟ್ಟು ಬೇರೆ. ಪ್ಯಾರಾಫಿನ್ ಕಚ್ಚಾ ತೈಲದಿಂದ ಬರುವಂಥದ್ದು. ನಮ್ಮಲ್ಲಿ ಅಸ್ಸಾಮಿನ ದಿಗ್ಬೋಯ್ ಮತ್ತು ನುಮಾಲಿಗಢದ ತೈಲ ಸಂಸ್ಕರಣಾಗಾರಗಳು ಅದನ್ನು ತಯಾರಿಸುತ್ತವೆ. ಅದರ ಅಣುವೆಂದರೆ ಇಪ್ಪತ್ತರಿಂದ ನಲವತ್ತರಷ್ಟು ಇಂಗಾಲದ ಪರಮಾಣುಗಳ ಸರಪಳಿ, ಸುತ್ತ ಜಲಜನಕ. ಬೇರೇನೂ ಇಲ್ಲ. ಸೋಯಾ ಮೇಣ ಮೂಲತಃ ಅಡುಗೆ ಎಣ್ಣೆ. ಸೋಯಾ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅಲ್ಲಲ್ಲಿ ಜೋಡಿಬಂಧಗಳಿವೆ. ಅಲ್ಲೆಲ್ಲ ಸರಪಳಿ ಬಾಗುವುದರಿಂದ ಅಣುಗಳು ಒತ್ತಾಗಿ ಕೂರಲಾರವು. ಎಣ್ಣೆ ದ್ರವವಾಗಿಯೇ ಇರುತ್ತದೆ. ನಿಕ್ಕಲ್ ಪುಡಿಯ ಸಾನ್ನಿಧ್ಯದಲ್ಲಿ ಜಲಜನಕ ಹಾಯಿಸಿದರೆ ಬಾಗಿದ ಸರಪಳಿಗಳು ನೆಟ್ಟಗಾಗಿ ಎಣ್ಣೆ ಗಟ್ಟಿಯಾಗುತ್ತದೆ. ವನಸ್ಪತಿ ತಯಾರಾಗುವುದೂ ಇದೇ ವಿಧಾನದಲ್ಲಿ. ಇದಕ್ಕೆ ಅಡಿಪಾಯ ಹಾಕಿದ ಫ್ರಾನ್ಸಿನ ಪಾಲ್ ಸಬಾಟಿಯೆಗೆ 1912ರಲ್ಲಿ ನೊಬೆಲ್ ಬಂದಿತ್ತು. ಆದರೆ ಹೀಗೆ ಗಟ್ಟಿಯಾದ ಸೋಯಾ ಎಣ್ಣೆ ಮೇಣದ ಬತ್ತಿಯಾಗಿ ಅಂಗಡಿ ಸೇರಲು 1990ರ ದಶಕ ಬರಬೇಕಾಯಿತು. ಜೇನುಮೇಣಕ್ಕೆ ಅಗ್ಗದ ಬದಲಿ ಹುಡುಕುತ್ತಿದ್ದ ಅಮೆರಿಕದ ಅಯೋವಾ ರಾಜ್ಯದ ಮೈಕೆಲ್ ರಿಚರ್ಡ್ಸ್ ಆ ದಾರಿ ತೆರೆದವರು.

ಈಗ ಬತ್ತಿಯ ವಿಚಾರ. ಸೋಯಾ ಮೇಣದ ತೂಕದಲ್ಲಿ ಸುಮಾರು ಶೇ. 11ರಷ್ಟು ಆಮ್ಲಜನಕವೇ ಇದೆ. ಒಂದರ್ಥದಲ್ಲಿ ಅದು ಸ್ವಲ್ಪ ಮೊದಲೇ ಉರಿದು ಬಂದ ಇಂಧನ. ಹಾಗಾಗಿ ಒಂದು ಗ್ರಾಂ ಪ್ಯಾರಾಫಿನ್ ಕೊಡುವ ಶಾಖಕ್ಕಿಂತ ಒಂದು ಗ್ರಾಂ ಸೋಯಾ ಕೊಡುವ ಶಾಖ ಸುಮಾರು ಶೇ. 15ರಷ್ಟು ಕಡಿಮೆ. ಸಾಲದ್ದಕ್ಕೆ ಕರಗಿದ ಸೋಯಾ ಪ್ಯಾರಾಫಿನ್‌ಗಿಂತ ಮಂದ. ನೂಲಿನ ಎಳೆಗಳ ಸಂದಿನಲ್ಲಿ ನಿಧಾನವಾಗಿ ಏರುತ್ತದೆ. ಇಂಧನ ತಡವಾಗಿ ಬರುತ್ತದೆ, ಬಂದದ್ದೂ ಕಡಿಮೆ ಕಾವು ಕೊಡುತ್ತದೆ. ಲೋಟದ ಅಂಚಿನ ತನಕ ಮೇಣ ಕರಗುವುದಾದರೂ ಹೇಗೆ? ಅದೇ ಅಗಲದ ಲೋಟಕ್ಕೆ ಒಂದೋ ಎರಡೋ ಅಳತೆ ದಪ್ಪನೆಯ ಬತ್ತಿ ಹಾಕಿದರೆ ಸಾಮಾನ್ಯವಾಗಿ ಸಮಸ್ಯೆ ತೀರುತ್ತದೆ. ಎಷ್ಟು ದಪ್ಪ ಎಂಬುದು ಮಾತ್ರ ಉರಿಸಿ ನೋಡಿಯೇ ತಿಳಿಯಬೇಕಾದದ್ದು, ಏಕೆಂದರೆ ಸುಗಂಧ ತೈಲ, ಬಣ್ಣ ಎರಡೂ ಲೆಕ್ಕವನ್ನು ಕದಲಿಸುತ್ತವೆ.

ಎರಡನೆಯ ದೂರು ಮೇಲ್ಮೈಯಲ್ಲಿ ಮೂಡುವ ಬಿಳಿ ಮಂಜಿನಂಥ ಪದರದ್ದು. ಬೂಷ್ಟು ಹಿಡಿಯಿತೆಂದು ಗಿರಾಕಿಗಳು ಹಿಂದಿರುಗಿಸುವುದುಂಟು. ಅದು ಬೂಷ್ಟಲ್ಲ, ಹರಳು. ತುಪ್ಪ ನಿಧಾನವಾಗಿ ಆರಿದಾಗ ಮರಳು ಮರಳಾಗುವುದಿಲ್ಲವೇ, ಸುಮಾರಾಗಿ ಹಾಗೆಯೇ ಇದೂ. ಕೊಬ್ಬಿನ ಅಣುಗಳು ಒಂದಲ್ಲ, ಮೂರು ಬಗೆಯ ಹರಳುಗಳಾಗಿ ಜೋಡಿಸಿಕೊಳ್ಳಬಲ್ಲವು: ಆಲ್ಫಾ, ಬೀಟಾ ಪ್ರೈಮ್, ಬೀಟಾ. ಬೇಗ ಆರಿದಾಗ ಮೊದಲು ಸಡಿಲವಾದ ಆಲ್ಫಾ ಮೂಡುತ್ತದೆ; ದಿನ ಕಳೆದಂತೆ ಅದು ಹೆಚ್ಚು ಸ್ಥಿರವಾದ ಬೀಟಾದತ್ತ ಜಾರುತ್ತದೆ. ಸೋಯಾದ ಕೊಬ್ಬಿನಾಮ್ಲಗಳಲ್ಲಿ ಬಹುಪಾಲು ಒಂದೇ ಉದ್ದದವು, ಹದಿನೆಂಟು ಇಂಗಾಲದವು. ಆದ್ದರಿಂದಲೇ ಅದಕ್ಕೆ ಬೀಟಾದ ಕಡೆಗೆ ಒಲವು ಜಾಸ್ತಿ, ಮತ್ತು ಬೀಟಾ ಹರಳುಗಳು ದಪ್ಪ, ಬೆಳಕು ಚದುರಿಸಿ ಬಿಳಿಯಾಗಿ ಕಾಣುವಂಥವು. ಉದ್ದ ಬೇರೆಯಾದ ಅಣುಗಳನ್ನು ನಡುವೆ ತೂರಿಸಿದರೆ ಈ ಶಿಸ್ತು ಕೆಡುತ್ತದೆ. ಪ್ಯಾರಾಫಿನ್ ಬೆರೆಸುವುದರ ಒಂದು ಗುಟ್ಟು ಅದು. ಬಿಳಿ ಪದರದಿಂದ ಉರಿಯುವುದಕ್ಕೆ ಏನೂ ಅಡ್ಡಿಯಿಲ್ಲ. ಬಣ್ಣ ಹಾಕದೆ ಮಾಡಿದರೆ ಅದು ಕಣ್ಣಿಗೂ ಬೀಳುವುದಿಲ್ಲ.

ಬೆರೆಸುವುದಕ್ಕೆ ಇನ್ನೊಂದು ಕಾರಣ ನಮ್ಮ ಬೇಸಿಗೆ. ಲೋಟಕ್ಕೆ ಎರೆಯುವ ಸೋಯಾ ಮೇಣ ಸುಮಾರು 46ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಅಯೋವಾದ ಚಳಿಗೆ ಅದು ಸಾಕು. ಕಲಬುರಗಿ, ರಾಯಚೂರಿನಲ್ಲಿ ಹೊರಗೇ 42 ಡಿಗ್ರಿ ಇರುವಾಗ ಪಾರ್ಸೆಲ್ ವ್ಯಾನಿನ ಒಳಗೆ ಎಷ್ಟಿರಬಹುದು? ನಮ್ಮ ಅಂಗಡಿಗಳ ಸಾಮಾನ್ಯ ಪ್ಯಾರಾಫಿನ್ ಕರಗುವುದು 58ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ. ಹೀಗಾಗಿ ಬಯಲುಸೀಮೆಗೆ ಕಳಿಸುವವರಿಗೆ ಮಿಶ್ರಣವೇ ಲೇಸು ಎಂಬುದು ನನ್ನ ಲೆಕ್ಕಾಚಾರ. ಪ್ಯಾರಾಫಿನ್ ಆರುವಾಗ ಗಣನೀಯವಾಗಿ ಕುಗ್ಗಿ ನಡುವೆ ಹಳ್ಳ ಬೀಳುತ್ತದೆ, ಎರಡನೆಯ ಸಲ ಎರೆಯಬೇಕಾಗುತ್ತದೆ. ಸೋಯಾ ಬೆರೆತರೆ ಆ ಕೆಲಸ ಕಡಿಮೆಯಾಗುತ್ತದೆ. ಸುಗಂಧಕ್ಕೆ ಮಾತ್ರ ತಾಳ್ಮೆ ಬೇಕು. ಪ್ಯಾರಾಫಿನ್‌ನಲ್ಲಿ ಒಂದೆರಡು ದಿನಕ್ಕೆ ಹದವಾಗುವ ಪರಿಮಳಕ್ಕೆ ಸೋಯಾದಲ್ಲಿ ವಾರ, ಹತ್ತು ದಿನ ಕೊಡುವುದು ವಾಡಿಕೆ.

ಜಾಹೀರಾತುಗಳಿಗೆ ಬರೋಣ. ‘ಸೋಯಾ ಮೇಣಕ್ಕೆ ಮಸಿಯೇ ಇಲ್ಲ’ ಎನ್ನುತ್ತಾರೆ. ಮೇಣದ ಬತ್ತಿಯ ಹಳದಿ ಬೆಳಕೇ ಮಸಿಯದು: ಜ್ವಾಲೆಯೊಳಗೆ ಹುಟ್ಟಿದ ಇಂಗಾಲದ ಕಣಗಳು ಕಾದು ಹೊಳೆಯುತ್ತವೆ, ತುದಿ ತಲುಪುವ ಹೊತ್ತಿಗೆ ಸುಟ್ಟುಹೋಗುತ್ತವೆ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮಕ್ಕಳಿಗೆ ಇದನ್ನು ತೋರಿಸಿ ಒಂದೂವರೆ ಶತಮಾನ ದಾಟಿದೆ. ಸೋಯಾ ಕಡಿಮೆ ಮಸಿ ಉಗುಳಬಹುದು. ಆದರೆ ಬತ್ತಿ ಉದ್ದವಾಗಿದ್ದರೆ, ಫ್ಯಾನಿನ ಗಾಳಿಗೆ ಜ್ವಾಲೆ ಹೊಯ್ದಾಡುತ್ತಿದ್ದರೆ ಯಾವ ಮೇಣವಾದರೂ ಗೋಡೆ ಕಪ್ಪು ಮಾಡುತ್ತದೆ.

‘ಪರಿಸರಸ್ನೇಹಿ’ ಎಂಬ ಮಾತೂ ಅರ್ಧ ನಿಜ. ಸೋಯಾ ಉರಿದಾಗ ಹೊರಬರುವ ಇಂಗಾಲ ಗಿಡ ಇತ್ತೀಚೆಗಷ್ಟೇ ಗಾಳಿಯಿಂದ ಹೀರಿದ್ದು. ಪ್ಯಾರಾಫಿನ್ನಿನದು ಕೋಟ್ಯಂತರ ವರ್ಷ ನೆಲದೊಳಗೆ ಹೂತಿದ್ದದ್ದು. ಇದು ದೊಡ್ಡ ವ್ಯತ್ಯಾಸವೇ. ಆದರೆ ಎಣ್ಣೆಗೆ ಹಾಯಿಸುವ ಜಲಜನಕ ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ಬರುತ್ತದೆ, ಬ್ರೆಜಿಲಿನಲ್ಲಿ ಸೋಯಾಕ್ಕಾಗಿ ಕಾಡು ಬಯಲಾಗಿದೆ. ನಮ್ಮ ಬೀದರ್, ಬೆಳಗಾವಿ, ಧಾರವಾಡದ ರೈತರೂ ಸೋಯಾ ಬೆಳೆಯುತ್ತಾರೆ, ಆದರೆ ದೇಶಕ್ಕೆ ಅಡುಗೆಗೆ ಬೇಕಾದ ಸೋಯಾ ಎಣ್ಣೆಯಲ್ಲೇ ಹೆಚ್ಚಿನದು ಆಮದು.

ಸೋಯಾ ಮಿಶ್ರ ಮೇಣ ಕೊಳ್ಳುವವರು ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಇದರಲ್ಲಿ ಸೋಯಾ ಶೇಕಡ ಎಷ್ಟು, ಕರಗುವ ಉಷ್ಣಾಂಶ ಎಷ್ಟು? ಉತ್ತರ ಬಾರದಿದ್ದರೆ ಬೇರೆ ಅಂಗಡಿ ನೋಡಿ. ಕೊಂಡ ಮೇಲೆ ಉರಿಯ ಮೇಲೆ ನೇರವಾಗಿ ಇಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಮತ್ತು ಉರಿಯುವ ಮೇಣಕ್ಕೆ ಎಂದೂ ನೀರು ಹಾಕಬೇಡಿ. ಮುಚ್ಚಳ ಮುಚ್ಚಿ ಆರಿಸಿ.