ಸಿಕ್ಕು ದಾರಿಯ ಬೆಳಕು

ಬೆಳಕಿನಿಂದ ಅಳೆಯುವ ಉಪಕರಣ ಕಟ್ಟುವವರು ಬಹುಕಾಲ ಒಂದೇ ಮಾತನ್ನು ನಂಬಿಕೊಂಡು ಬಂದರು: ಬೆಳಕಿನ ದಾರಿ ಎಷ್ಟು ನೇರವೋ ಅಳತೆ ಅಷ್ಟು ಖಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ತಂಡ ಬೆಳೆಸಿದ ಫೈಬರ್ ಬ್ರಾಗ್ ಗ್ರೇಟಿಂಗ್ ಸಂವೇದಕಗಳು ಈ ನಂಬಿಕೆ ಕೊಟ್ಟ ಒಳ್ಳೆಯ ಫಲ. ಕೂದಲೆಳೆಯಂಥ ಗಾಜಿನ ಎಳೆಯೊಳಗೆ ಸಮಾನ ಅಂತರದಲ್ಲಿ ವಕ್ರೀಭವನಾಂಕವನ್ನು ಏರಿಳಿಸಿಟ್ಟರೆ, ಆ ಜಾಗ ಒಂದೇ ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎಳೆ ತನ್ನ ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೂ ಆ ತರಂಗಾಂತರ ಸುಮಾರು 1.2 ಪಿಕೊಮೀಟರ್ ಸರಿಯುತ್ತದೆ. ಇಷ್ಟು ಸೂಕ್ಷ್ಮವಾದ ಉಪಕರಣಕ್ಕೂ ಒಂದು ಕೊರತೆ ಇದೆ. ಉಷ್ಣತೆ ಒಂದು ಡಿಗ್ರಿ ಏರಿದರೂ ಅದೇ ತರಂಗಾಂತರ ಸುಮಾರು 10 ಪಿಕೊಮೀಟರ್ ಸರಿಯುತ್ತದೆ. ಕೈಗೆ ಬರುವ ಸಂಖ್ಯೆ ಒಂದೇ, ಕಾರಣಗಳು ಎರಡು. ಎಳೆ ಹಿಗ್ಗಿತೋ ಬಿಸಿಯಾಯಿತೋ ಹೇಳಬೇಕಾದರೆ ಪಕ್ಕದಲ್ಲಿ ಇನ್ನೊಂದು ಸಂವೇದಕ ಬೇಕು. ನೇರ ದಾರಿ ಸರಳವಾಗಿರುತ್ತದೆ ನಿಜ, ಆದರೆ ಅದು ಹೇಳುವುದೂ ಕಡಿಮೆಯೇ.

ಅಡ್ಡಾದಿಡ್ಡಿ ಹರಿದ ಬೆಳಕಿನಲ್ಲಿ ಮಾಹಿತಿ ಇದೆ ಎಂಬುದರ ಸುಳಿವು ಅದೇ ಸಂಸ್ಥೆಯಲ್ಲಿ ಬಹಳ ಹಿಂದೆಯೇ ಸಿಕ್ಕಿತ್ತು. ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ 1943ರಲ್ಲಿ ಗಾಜಿನ ಮೇಲೆ ಲೈಕೋಪೋಡಿಯಂ ಗಿಡದ ಬೀಜಕಗಳ ಪುಡಿ ಹರಡಿ, ಅದರ ಮೂಲಕ ಬಂದ ಬೆಳಕಿನ ಪ್ರಭಾವಲಯವನ್ನು ಪರೀಕ್ಷಿಸಿದರು. ವಲಯ ನಯವಾಗಿರಲಿಲ್ಲ, ಅದರ ತುಂಬ ಬೆಳಕು-ಕತ್ತಲೆಯ ಚುಕ್ಕಿಗಳಿದ್ದವು. ಸಾವಿರಾರು ಕಣಗಳಿಂದ ಚದುರಿದ ಅಲೆಗಳು ಒಂದರ ಮೇಲೊಂದು ಬಿದ್ದು, ಕೆಲವೆಡೆ ಕೂಡಿ ಕೆಲವೆಡೆ ಕಳೆದು ಈ ಚುಕ್ಕಿಗಳಾಗುತ್ತವೆ ಎಂದೂ, ಅವುಗಳ ಏರಿಳಿತ ಸಂಖ್ಯಾಶಾಸ್ತ್ರದ ನಿಯಮಕ್ಕೆ ಒಳಪಟ್ಟಿದೆ ಎಂದೂ ಅವರು ತೋರಿಸಿದರು. ಲೇಸರ್ ಹುಟ್ಟುವುದಕ್ಕೆ ಇನ್ನೂ 17 ವರ್ಷ ಬಾಕಿ ಇತ್ತು. ಆಮೇಲೆ ರಾಮಚಂದ್ರನ್ ಪ್ರೋಟೀನುಗಳ ರಚನೆಯತ್ತ ಹೊರಳಿ ಜಗತ್ಪ್ರಸಿದ್ಧರಾದರು. ಈ ಚುಕ್ಕಿಗಳ ಕೆಲಸ ಅವರ ಹೆಸರಿನ ಜೊತೆ ಅಷ್ಟಾಗಿ ಕೇಳಿಬರದಿರುವುದು ಅನ್ಯಾಯವೇ ಸರಿ.

ಇಂದು ಹಲವು ಡಾಕ್ಟರೇಟ್ ವಿದ್ಯಾರ್ಥಿಗಳು ಕೈಹಾಕಿರುವ ಕೆಲಸ ಆ ಚುಕ್ಕಿಗಳನ್ನು ಅಳತೆಗೆ ದುಡಿಸಿಕೊಳ್ಳುವುದು. ಸಣ್ಣ ಸಣ್ಣ ಬೆಳಕುನಾಳಗಳನ್ನು ಗಂಟು ಗಂಟಾಗಿ ಕೂಡಿಸಿ ಬಲೆ ಹೆಣೆಯುತ್ತಾರೆ. ಪ್ರತಿ ಗಂಟಿನಲ್ಲೂ ಬೆಳಕು ಕವಲೊಡೆಯುತ್ತದೆ, ಸುತ್ತು ಹಾಕುತ್ತದೆ, ಮರಳಿ ಅದೇ ಗಂಟಿಗೂ ಬರುತ್ತದೆ. ಬಸರೀಕಟ್ಟೆಯ ಸುತ್ತಿನಂಥ ಮಲೆನಾಡಿನ ಮನೆಗಳ ನಡುವಿನ ಕಾಲುದಾರಿಗಳನ್ನು ನೆನೆದುಕೊಳ್ಳಿ: ಎಲ್ಲೋ ಒಂದು ಕಾಲುಸಂಕ ಕೊಚ್ಚಿಹೋದರೆ ಹಳ್ಳದಾಚೆ ದೂರದಲ್ಲಿರುವ ಮನೆಗೂ ಜನ ಬರುವ ಹೊತ್ತು ವ್ಯತ್ಯಾಸವಾಗುತ್ತದೆ, ಯಾರು ಎಷ್ಟು ತಡವಾಗಿ ಬಂದರು ಎಂಬುದರಿಂದಲೇ ಯಾವ ಸಂಕ ಹೋಯಿತೆಂದು ಊಹಿಸಬಹುದು. ಬೆಳಕಿಗೆ ಸಂಕ ಮುರಿಯಬೇಕಾಗಿಯೂ ಇಲ್ಲ. ಗಾಜಿನೊಳಗೆ 1.55 ಮೈಕ್ರೊಮೀಟರ್ ಬೆಳಕಿನ ಒಂದು ಅಲೆಯ ಉದ್ದ ಸುಮಾರು ಒಂದು ಮೈಕ್ರೊಮೀಟರ್. ದಾರಿ ಅದರ ಅರ್ಧದಷ್ಟು ಉದ್ದವಾದರೆ ಸಾಕು, ಬೆಳಗಿದ್ದ ಚುಕ್ಕಿ ಕತ್ತಲಾಗುತ್ತದೆ. ಬದಲಾದ ನಾಳವನ್ನು ಹತ್ತು ಬಾರಿ ಹಾದ ಬೆಳಕಿಗೆ ಆ ವ್ಯತ್ಯಾಸ ಹತ್ತು ಪಟ್ಟು. ಹೀಗಾಗಿ ಒಂದೇ ಬಲೆಯಲ್ಲಿ ಒರಟು ಅಳತೆಯೂ ನವಿರು ಅಳತೆಯೂ ಒಟ್ಟಿಗೇ ನಡೆಯುತ್ತವೆ.

ಇದು ಬರೀ ಹಲಗೆಯ ಮೇಲಿನ ಲೆಕ್ಕವಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೂಯಿ ಕಾವೊ ಮತ್ತು ಸಂಗಡಿಗರು 2013ರಲ್ಲಿ 25 ಮೈಕ್ರೊಮೀಟರ್ ತ್ರಿಜ್ಯದ ಸಿಲಿಕಾನ್ ಚಿಪ್ಪಿನಲ್ಲಿ ಕ್ರಮವಿಲ್ಲದೆ ತೂತುಗಳನ್ನು ಕೊರೆದು, ಅದರಿಂದ 0.75 ನ್ಯಾನೊಮೀಟರ್ ಅಂತರದ ಎರಡು ತರಂಗಾಂತರಗಳನ್ನು ಬೇರ್ಪಡಿಸಿದರು. ಮರುವರ್ಷ ಹಲವು ದಾರಿಗಳಲ್ಲಿ ಬೆಳಕು ಹರಿಯಬಲ್ಲ 100 ಮೀಟರ್ ಫೈಬರ್ ಸುರುಳಿಯೊಂದರಿಂದ ಒಂದು ಪಿಕೊಮೀಟರ್‌ವರೆಗೂ ಮುಟ್ಟಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2019ರಲ್ಲಿ ಪಾಲಿಮರ್ ನ್ಯಾನೊಎಳೆಗಳ ಬಲೆಯಿಂದ ಲೇಸರ್ ಹೊಮ್ಮಿಸಿದ್ದು ಇದೇ ಕುಲದ ಕೆಲಸ. ಭೂಕಂಪ ಶಾಸ್ತ್ರಜ್ಞರಿಗಂತೂ ಇದು ಹೊಸತೇ ಅಲ್ಲ: ನೇರವಾಗಿ ಬಂದ ಮೊದಲ ಅಲೆಗಿಂತ, ನೆಲದೊಳಗೆ ಅಲೆದಾಡಿ ಕೊನೆಗೆ ತಲುಪುವ ಅಲೆಗಳು ಬಂಡೆಯ ಸಣ್ಣ ಬದಲಾವಣೆಯನ್ನೂ ಹಿಡಿದುಕೊಡುತ್ತವೆ ಎಂದು ಅವರು ಬಲ್ಲರು.

ಎಲ್ಲಕ್ಕೂ ಸ್ಪಂದಿಸುವ ಬಲೆ ಯಾವುದಕ್ಕೆ ಸ್ಪಂದಿಸಿತೆಂದು ಹೇಗೆ ತಿಳಿಯುವುದು? ಈ ಆಕ್ಷೇಪಕ್ಕೆ ಹುರುಳಿದೆ, ಆದರೆ ಅದು ನೇರ ಎಳೆಗೂ ತಪ್ಪಿದ್ದಲ್ಲ ಎಂಬುದನ್ನು ಮೇಲೆಯೇ ಕಂಡೆವು. ಎಳೆ ಒಂದು ಸಂಖ್ಯೆ ಕೊಟ್ಟರೆ ಬಲೆ ಚುಕ್ಕಿಗಳ ಇಡೀ ಚಿತ್ರವನ್ನೇ ಕೊಡುತ್ತದೆ. ಉಷ್ಣತೆ ಎಲ್ಲ ನಾಳಗಳನ್ನೂ ಒಟ್ಟಿಗೆ ಬದಲಿಸುತ್ತದೆ. ಒಂದು ಮೂಲೆಗೆ ಬಿದ್ದ ಒತ್ತಡ ಆ ಮೂಲೆಯನ್ನು ಹಾದ ದಾರಿಗಳನ್ನಷ್ಟೇ. ಎರಡರ ಗುರುತೂ ಬೇರೆ. ಮೊದಲೇ ಗೊತ್ತಿರುವ ಬದಲಾವಣೆಗಳನ್ನು ಕೊಟ್ಟು ಚಿತ್ರಗಳನ್ನು ದಾಖಲಿಸಿಟ್ಟರೆ, ಆಮೇಲೆ ಕಾರಣವನ್ನು ಲೆಕ್ಕ ಹಾಕಿ ಬಿಡಿಸಬಹುದು. ಹೀಗೆ ಪ್ರತಿ ಬಲೆಗೂ ಪ್ರತ್ಯೇಕ ಪಾಠ ಹೇಳಬೇಕು, ಒಂದರ ದಾಖಲೆ ಇನ್ನೊಂದಕ್ಕೆ ಒಗ್ಗದು. ಇದು ನಿಜವಾದ ಖರ್ಚು, ಇದನ್ನು ಮರೆಮಾಚುವ ಉತ್ಸಾಹಿಗಳನ್ನು ನಂಬಬಾರದು. ಆದರೆ ಬೆಳಕನ್ನು ಸುತ್ತಿಸಿ ಅಳೆಯುವ ಉಂಗುರದಾಕಾರದ ಅಚ್ಚುಕಟ್ಟಾದ ಅನುರಣಕಗಳಲ್ಲಿ ತಯಾರಿಕೆಯ ಕೂದಲೆಳೆ ತಪ್ಪೂ ಕೆಲಸ ಕೆಡಿಸಬಲ್ಲದು. ಬಲೆಗೆ ಅಂಥ ಮಡಿವಂತಿಕೆಯಿಲ್ಲ. ವಕ್ರವಾಗಿ ಹುಟ್ಟಿದರೂ ಪಾಠ ಹೇಳಿದ ಮೇಲೆ ಅದು ಉಪಯೋಗಕ್ಕೆ ಬರುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಟ್ಟಿಗೆ ಇಂಥ ಬಲೆಯ ಬೆಲೆ ಯಾವುದರಲ್ಲಿದೆ ಎಂದರೆ, ಮಂಗನ ಕಾಯಿಲೆಯ ಪತ್ತೆಯಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗುಗಳ ಮೂಲಕ ಹರಡಿ ಈ ಭಾಗದಲ್ಲೂ ಜೀವ ತೆಗೆದಿದೆ. ಜ್ವರದ ಮೊದಲ ದಿನಗಳಲ್ಲೇ ವೈರಸ್ಸನ್ನು ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಗೆ ಮಾದರಿಗಳು ಶಿವಮೊಗ್ಗದ ಪ್ರಯೋಗಾಲಯದಂಥ ಕಡೆಗೆ ಹೋಗಬೇಕು. ಈ ಪತ್ತೆಯನ್ನು ತಾಲ್ಲೂಕಿನಲ್ಲೇ ಮಾಡಲು ಬಲೆ ದಾರಿ ತೋರಬಹುದು. ತೀರ ತೆಳ್ಳಗಿನ ಬೆಳಕುನಾಳದಲ್ಲಿ ಬೆಳಕಿನ ಒಂದು ಪಾಲು ಹೊರಮೈಗೆ ಅಂಟಿಕೊಂಡಂತೆ ಸಾಗುತ್ತದೆ. ಅಲ್ಲಿ ಸುಮಾರು 50 ನ್ಯಾನೊಮೀಟರ್ ಗಾತ್ರದ ವೈರಸ್ ಕೂತರೂ ಅಲೆಯ ಲಯ ಕೊಂಚ ತಪ್ಪುತ್ತದೆ. ಇಲ್ಲಿಂದ ಮುಂದೆ ಬೆಳಕಿನ ಶಾಸ್ತ್ರ ಒಂದೇ ಸಾಲದು. ಏನೋ ಕೂತಿದೆ ಎಂದಷ್ಟೇ ಅದು ಹೇಳಬಲ್ಲದು. ಕೂತದ್ದು ಮಂಗನ ಕಾಯಿಲೆಯ ವೈರಸ್ಸೋ ರಕ್ತದ ಮಾಮೂಲಿ ಪ್ರೋಟೀನೋ ಎಂದು ಆರಿಸುವುದು ನಾಳದ ಮೇಲೆ ಲೇಪಿಸಿದ ಪ್ರತಿಕಾಯಗಳ ಕೆಲಸ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ, ಬೆಳಗಿನ ಚಳಿ ಮಧ್ಯಾಹ್ನದ ಬಿಸಿಲಿಗೆ ತಿರುಗುವ ದಿನಗಳು. ಹಾಗಾಗಿ ತಾಲ್ಲೂಕು ಆಸ್ಪತ್ರೆಯ ಮೇಜಿಗೆ ಇಂಥ ಚಿಪ್ ಬರಬೇಕಾದರೆ ಒಂದರ ಪಕ್ಕ ಒಂದು ಎರಡು ಬಲೆ ಬೇಕು, ಒಂದಕ್ಕೆ ಪ್ರತಿಕಾಯದ ಲೇಪ, ಇನ್ನೊಂದು ಬರಿಮೈಯದು. ಎರಡಕ್ಕೂ ಒಂದೇ ಹನಿ ರಕ್ತರಸ. ಪ್ರತಿ ಬಲೆಯ ಚಿತ್ರವನ್ನು ಅದರದೇ ದಾಖಲೆಯಿಂದ ಓದಿ, ಬರಿಮೈ ಬಲೆ ಹೇಳಿದ ಉಷ್ಣತೆಯ ಪಾಲನ್ನೂ ಸಿಕ್ಕಸಿಕ್ಕ ಪ್ರೋಟೀನುಗಳ ಪಾಲನ್ನೂ ಕಳೆದ ಮೇಲೆ ಲೇಪದ ಬಲೆಯಲ್ಲಿ ಏನು ಉಳಿಯುತ್ತದೋ ಅದನ್ನು ಮಾತ್ರ ವೈದ್ಯರ ಮುಂದಿಡಬೇಕು.