ತಪಸ್ಸುಕಾಲದ ಒಂದು ಭವಿಷ್ಯ ನುಡಿ

ಪ್ರತಿ ವರ್ಷ ತಪಸ್ಸುಕಾಲದಲ್ಲಿ, ಮಾರ್ಚ್ ತಿಂಗಳ ನಡುವಿನ ಒಂದು ಭಾನುವಾರ ಸಂಜೆ, ಅಮೆರಿಕ ದೇಶದ ಲಕ್ಷಾಂತರ ಮನೆಗಳಲ್ಲಿ ಒಂದು ವಿಚಿತ್ರ ಕಾರ್ಯ ಆರಂಭವಾಗುತ್ತದೆ. ತಂದೆ, ತಾಯಿ, ಮಕ್ಕಳು, ಕೆಲವೆಡೆ ಅಜ್ಜ ಅಜ್ಜಿಯರೂ ಒಂದೊಂದು ಹಾಳೆಯನ್ನು ಮುಂದಿಟ್ಟುಕೊಂಡು, ಇನ್ನೂ ನಡೆಯದಿರುವ 63 ಪಂದ್ಯಗಳಲ್ಲಿ ಗೆಲ್ಲುವವರು ಯಾರು ಯಾರೆಂದು ಬರೆಯತೊಡಗುತ್ತಾರೆ. ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಈ ಹಾಳೆಗೆ ಅಲ್ಲಿ ಬ್ರಾಕೆಟ್ ಎಂದು ಹೆಸರು. ನಮ್ಮ ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಆ ನಾಡಿನಲ್ಲಿ ನೆಲೆಸಿರುವುದರಿಂದ, ದೂರವಾಣಿಯ ಮಾತುಕತೆಯಲ್ಲಿ ಈ ಪದ ನಮ್ಮ ಹಿರಿಯರ ಕಿವಿಗೂ ಬಿದ್ದಿದೆ. ಅದೇನು ಎಂದು ಕೇಳುವವರಿಗಾಗಿಯೂ, ಅದರಲ್ಲಿ ನಮ್ಮ ಧರ್ಮಸಭೆಗೆ ಇರುವ ಆಶ್ಚರ್ಯಕರ ಪಾಲನ್ನು ತಿಳಿಸಲೆಂದೂ ಈ ವಾರದ ಲೇಖನವನ್ನು ಮೀಸಲಿಟ್ಟಿದ್ದೇವೆ.

ಪಂದ್ಯಾವಳಿಯ ರಚನೆ ಸರಳವಾದುದು. 1985ರಲ್ಲಿ ತಂಡಗಳ ಸಂಖ್ಯೆಯನ್ನು 64ಕ್ಕೆ ಏರಿಸಲಾಯಿತು. 2011ರಲ್ಲಿ ಅದು 68 ಆಯಿತು. ಹೆಚ್ಚುವರಿ ತಂಡಗಳ ನಾಲ್ಕು ಆರಂಭಿಕ ಪಂದ್ಯಗಳನ್ನು ಸಾಮಾನ್ಯವಾಗಿ ಭವಿಷ್ಯದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂಡಗಳನ್ನು ನಾಲ್ಕು ವಿಭಾಗಗಳಾಗಿ ಹಂಚಿ, ಪ್ರತಿ ವಿಭಾಗದಲ್ಲಿ ಒಂದರಿಂದ ಹದಿನಾರರ ವರೆಗೆ ಶ್ರೇಯಾಂಕ ನೀಡುತ್ತಾರೆ. ಒಂದನೆಯದು ಹದಿನಾರನೆಯದರ ವಿರುದ್ಧ, ಎರಡನೆಯದು ಹದಿನೈದನೆಯದರ ವಿರುದ್ಧ, ಹೀಗೆ. ಸೋತವರು ಮನೆಗೆ; ಎರಡನೆಯ ಅವಕಾಶವಿಲ್ಲ. 64 ತಂಡಗಳಲ್ಲಿ 63 ಸೋಲಬೇಕಾದುದರಿಂದ ಪಂದ್ಯಗಳೂ ಅರವತ್ತಮೂರೇ.

ಅರವತ್ತಮೂರೇ ತಾನೆ ಎಂದು ಹಗುರವಾಗಿ ತಿಳಿಯಬಾರದು. ಚದುರಂಗವನ್ನು ಕಂಡುಹಿಡಿದವನು ಅರಸನಿಂದ ಬೇಡಿದ ಧಾನ್ಯದ ಕಥೆಯನ್ನು ನಮ್ಮಲ್ಲಿ ಬಾಲ್ಯದಲ್ಲಿ ಕೇಳದವರು ವಿರಳ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಕೊನೆಯ, ಅಂದರೆ ಅರವತ್ತನಾಲ್ಕನೆಯ ಮನೆಯಲ್ಲಿ ಎಷ್ಟು ಕಾಳುಗಳು ಬೀಳಬೇಕೋ, ಒಂದು ಬ್ರಾಕೆಟ್ ತುಂಬುವ ವಿಧಗಳೂ ಸರಿಯಾಗಿ ಅಷ್ಟೇ: 92,23,37,20,36,85,47,75,808. ಕಣ್ಣುಮುಚ್ಚಿ ಬರೆಯುವವನು ಆ ಕಾಳಿನ ರಾಶಿಯಲ್ಲಿ ಒಂದೇ ಒಂದು ಕಾಳನ್ನು ಹುಡುಕುತ್ತಿದ್ದಾನೆ. ಆಟವನ್ನು ಬಲ್ಲವನ ಸ್ಥಿತಿ ಇದಕ್ಕಿಂತ ಮೇಲು, ಆದರೆ ಬಹಳ ಮೇಲಲ್ಲ. ಅವನ ಊಹೆ ಪ್ರತಿ ಮೂರು ಪಂದ್ಯಗಳಲ್ಲಿ ಎರಡರಂತೆ ಸರಿಯಾಗುವುದೆಂದು ಇಟ್ಟುಕೊಂಡರೂ, ಇಡೀ ಹಾಳೆ ತಪ್ಪಿಲ್ಲದೆ ಇರುವ ಸಾಧ್ಯತೆ ಸುಮಾರು ಹನ್ನೆರಡು ಸಾವಿರ ಕೋಟಿಗೆ ಒಂದು. ನಾಲ್ಕರಲ್ಲಿ ಮೂರು ಸರಿಯಾದರೆ, ಏಳು ಕೋಟಿಗೆ ಒಂದಕ್ಕಿಂತಲೂ ಕಡಿಮೆ.

ಅಮೆರಿಕದ ಧನಿಕ ವಾರೆನ್ ಬಫೆಟ್ ಅವರ ಬೆಂಬಲದಿಂದ 2014ರಲ್ಲಿ ಪೂರ್ಣ ಸರಿಯಾದ ಹಾಳೆಗೆ ನೂರು ಕೋಟಿ ಡಾಲರ್ ಬಹುಮಾನ ಘೋಷಿಸಲಾಗಿತ್ತು. ಹಣ ಕೊಡುವ ಪ್ರಸಂಗವೇ ಒದಗಲಿಲ್ಲ. 2019ರಲ್ಲಿ ಓಹಾಯೋ ರಾಜ್ಯದ ಗೃಹಸ್ಥರೊಬ್ಬರು ಮೊದಲ 49 ಪಂದ್ಯಗಳನ್ನು ಒಂದೂ ತಪ್ಪದೆ ಊಹಿಸಿದರು. ಐವತ್ತನೆಯದರಲ್ಲಿ ಪರ್ಡ್ಯೂ ತಂಡ ಟೆನ್ನೆಸಿಯನ್ನು ಹೆಚ್ಚುವರಿ ಅವಧಿಯಲ್ಲಿ ಸೋಲಿಸಿ ಅವರ ಸರಣಿಯನ್ನು ಮುರಿಯಿತು.

ಹಾಗಾದರೆ ಬುದ್ಧಿವಂತರು ಮಾಡುವುದೇನು? ಪೂರ್ಣತೆಯ ಆಸೆಯನ್ನು ಬಿಟ್ಟು, ಪಕ್ಕದ ಮನೆಯವರಿಗಿಂತ ನಾಲ್ಕು ಅಂಕ ಹೆಚ್ಚು ಪಡೆಯಲು ನೋಡುತ್ತಾರೆ. ರೂಢಿಯಲ್ಲಿರುವ ಲೆಕ್ಕದ ಪ್ರಕಾರ ಮೊದಲ ಸುತ್ತಿನ ಪ್ರತಿ ಸರಿಯುತ್ತರಕ್ಕೆ ಒಂದು ಅಂಕ. ಮುಂದೆ ಎರಡು, ನಾಲ್ಕು, ಎಂಟು, ಹದಿನಾರು. ಕೊನೆಯ ಪಂದ್ಯಕ್ಕೆ ಮೂವತ್ತೆರಡು. ಅಂದರೆ ಅಂತಿಮ ವಿಜೇತರನ್ನು ಸರಿಯಾಗಿ ಹೆಸರಿಸಿದವನಿಗೆ, ಮೊದಲ ಸುತ್ತಿನ ಎಲ್ಲ 32 ಪಂದ್ಯಗಳನ್ನು ಬಲ್ಲವನಿಗೆ ದೊರೆಯುವಷ್ಟೇ ಫಲ. ಆದುದರಿಂದ ಹಾಳೆಯನ್ನು ಕೊನೆಯಿಂದ ಆರಂಭಕ್ಕೆ ತುಂಬಬೇಕೆಂದು ಅನುಭವಿಗಳು ಹೇಳುತ್ತಾರೆ. 1985ರಿಂದ 2025ರ ವರೆಗಿನ ನಲವತ್ತು ಪಂದ್ಯಾವಳಿಗಳಲ್ಲಿ (2020ರಲ್ಲಿ ಮಹಾಮಾರಿಯ ಕಾರಣ ಆಟ ನಡೆಯಲಿಲ್ಲ) ನಾಲ್ಕನೆಯ ಶ್ರೇಯಾಂಕಕ್ಕಿಂತ ಕೆಳಗಿನ ತಂಡ ಪ್ರಶಸ್ತಿ ಪಡೆದುದು ಮೂರೇ ಬಾರಿ. ಅದೇ ಅವಧಿಯಲ್ಲಿ ಒಂದನೆಯ ಶ್ರೇಯಾಂಕದವರು ಹದಿನಾರನೆಯವರ ಎದುರು 160 ಪಂದ್ಯಗಳನ್ನಾಡಿ ಎರಡರಲ್ಲಿ ಮಾತ್ರ ಸೋತಿದ್ದಾರೆ: 2018ರಲ್ಲಿ ವರ್ಜೀನಿಯಾ, 2023ರಲ್ಲಿ ಪರ್ಡ್ಯೂ. ಆ ಎರಡು ದಿನಗಳಲ್ಲಿ ಹರಿದುಹೋದ ಹಾಳೆಗಳಿಗೆ ಲೆಕ್ಕವಿಲ್ಲ. ನಾಲ್ಕು ವಿಭಾಗಗಳ ಒಂದನೆಯ ಶ್ರೇಯಾಂಕದವರೆಲ್ಲರೂ ಕೊನೆಯ ನಾಲ್ವರಾಗಿ ಉಳಿದ ವರ್ಷಗಳೂ ಉಂಟು (2008 ಮತ್ತು 2025), ಒಬ್ಬರೂ ಉಳಿಯದ ವರ್ಷವೂ ಉಂಟು (2023). ಇದನ್ನು ತಿಳಿದ ಮೇಲೂ ಊಹಿಸುತ್ತೇನೆನ್ನುವ ಮನುಷ್ಯನ ಧೈರ್ಯವನ್ನು ಮೆಚ್ಚಲೇಬೇಕು.

ಈಗ ನಮ್ಮ ಪಾಲಿನ ವಿಷಯಕ್ಕೆ ಬರೋಣ. ಈ ಹಾಳೆಯ ಮೇಲಿನ ಹೆಸರುಗಳನ್ನು ಓದುವ ಕಥೋಲಿಕನಿಗೆ ಸಂತರ ಪ್ರಾರ್ಥನಾ ಮಾಲೆಯನ್ನು ಓದಿದಂತೆ ಭಾಸವಾದರೆ ಅಚ್ಚರಿಯಿಲ್ಲ. ಹೋಲಿಕ್ರಾಸ್ ಕಾಲೇಜು 1947ರಲ್ಲಿ, ಲಸಾಲ್ 1954ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ 1955 ಮತ್ತು 1956ರಲ್ಲಿ, ಷಿಕಾಗೊದ ಲೊಯೋಲಾ 1963ರಲ್ಲಿ, ಮಾರ್ಕೆಟ್ 1977ರಲ್ಲಿ, ಜಾರ್ಜ್‌ಟೌನ್ 1984ರಲ್ಲಿ ಪ್ರಶಸ್ತಿ ಪಡೆದವು. ಇವುಗಳಲ್ಲಿ ಲಸಾಲ್ ಕ್ರೈಸ್ತ ಸಹೋದರರ ಸಂಸ್ಥೆ, ಉಳಿದವೆಲ್ಲ ಯೇಸುಸಭೆಯವು. 1985ರಲ್ಲಂತೂ ಕೊನೆಯ ನಾಲ್ಕು ತಂಡಗಳಲ್ಲಿ ಮೂರು ಕಥೋಲಿಕ ಕಾಲೇಜುಗಳೇ: ಯೇಸುಸಭೆಯ ಜಾರ್ಜ್‌ಟೌನ್, ವಿನ್ಸೆಂಟ್ ದೆ ಪೌಲರ ಸಭೆಯ ಸೇಂಟ್ ಜಾನ್ಸ್, ಅಗಸ್ಟೀನಿಯನ್ ಗುರುಗಳ ವಿಲನೋವ. ಪವಿತ್ರ ವಾರದ ಸೋಮವಾರ, ಏಪ್ರಿಲ್ 1ರಂದು ನಡೆದ ಅಂತಿಮ ಪಂದ್ಯದಲ್ಲಿ ಎಂಟನೆಯ ಶ್ರೇಯಾಂಕದ ವಿಲನೋವ, ಅದೇ ವರ್ಷ ತನ್ನನ್ನು ಎರಡು ಬಾರಿ ಸೋಲಿಸಿದ್ದ ಜಾರ್ಜ್‌ಟೌನನ್ನು 66–64ರಿಂದ ಗೆದ್ದಿತು. ಅವರು ಬುಟ್ಟಿಗೆಸೆದ 28 ಎಸೆತಗಳಲ್ಲಿ 22 ಒಳಗೆ ಬಿದ್ದವು. ಅಷ್ಟು ಕೆಳಗಿನ ಶ್ರೇಯಾಂಕದಿಂದ ಪ್ರಶಸ್ತಿಗೇರಿದ ತಂಡ ಅಲ್ಲಿಂದ 2025ರ ವರೆಗೆ ಇನ್ನೊಂದಿಲ್ಲ. ಇದೇ ವಿಲನೋವದಲ್ಲಿ 1977ರಲ್ಲಿ ಗಣಿತಶಾಸ್ತ್ರದ ಪದವಿ ಪಡೆದ ವಿದ್ಯಾರ್ಥಿಯೊಬ್ಬರು 2025ರ ಮೇ 8ರಂದು ಪೋಪ್ ಹದಿನಾಲ್ಕನೆಯ ಲಿಯೋ ಆಗಿ ಆಯ್ಕೆಯಾದರು. ಮೇಲಿನ ಕಾಳಿನ ಲೆಕ್ಕವನ್ನು ಪರಮಪೂಜ್ಯರು ನಮಗಿಂತ ಬೇಗ ಮಾಡಿ ಮುಗಿಸುವರೆಂಬುದರಲ್ಲಿ ಸಂದೇಹವಿಲ್ಲ.

ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ನಗರದ ಗೊನ್ಝಾಗ ವಿಶ್ವವಿದ್ಯಾನಿಲಯ ಮಂಗಳೂರಿಗರಿಗೆ ಬಂಧುವಿದ್ದಂತೆ. ನಮ್ಮ ಯೇಸುಸಭೆಯ ಗುರುಗಳು 1880ರಲ್ಲಿ ಲೈಟ್‌ಹೌಸ್ ಗುಡ್ಡದ ಕಾಲೇಜಿಗೆ ಯಾರ ಹೆಸರನ್ನಿಟ್ಟರೋ, ಏಳು ವರ್ಷಗಳ ಬಳಿಕ ಅಲ್ಲಿನವರು ಅದೇ ಸಂತ ಅಲೋಶಿಯಸ್ ಗೊನ್ಝಾಗರ ಹೆಸರನ್ನಿಟ್ಟರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ರೋಮಿನಲ್ಲಿ ವ್ಯಾಧಿಗ್ರಸ್ತರ ಸೇವೆ ಮಾಡುತ್ತ ಪ್ರಾಣವಿತ್ತ ಆ ಯುವಕನ ಹೆಸರನ್ನು ಈಗ ಕೋಟ್ಯಂತರ ಜನ ಬಾಸ್ಕೆಟ್‌ಬಾಲಿನಿಂದಾಗಿ ಉಚ್ಚರಿಸುತ್ತಾರೆ. ಆದರೆ ಅಲೋಶಿಯಸರ ತಂಡವನ್ನು ವಿಜೇತರೆಂದು ಬರೆದವರಿಗೆ 2017ರಲ್ಲೂ 2021ರಲ್ಲೂ ನಿರಾಶೆಯೇ ಕಾದಿತ್ತು. ಎರಡು ಬಾರಿಯೂ ಅಂತಿಮ ಪಂದ್ಯದ ವರೆಗೆ ಬಂದು ಸೋತರು. 2021ರಲ್ಲಂತೂ ಅಲ್ಲಿಯ ವರೆಗೆ ಆ ಋತುವಿನ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಇನ್ನು ನ್ಯೂಜೆರ್ಸಿಯ ಚಿಕ್ಕ ಕಾಲೇಜು ಸೇಂಟ್ ಪೀಟರ್ಸ್, ಇದೂ ಯೇಸುಸಭೆಯದೇ, 2022ರಲ್ಲಿ ಹದಿನೈದನೆಯ ಶ್ರೇಯಾಂಕದಿಂದ ಹೊರಟು ಬಲಾಢ್ಯ ಕೆಂಟಕಿಯನ್ನೂ, ಅನಂತರ ಮರ್ರೆ ಸ್ಟೇಟ್ ಹಾಗೂ ಪರ್ಡ್ಯೂ ತಂಡಗಳನ್ನೂ ಉರುಳಿಸಿ ಕೊನೆಯ ಎಂಟರ ಘಟ್ಟ ತಲಪಿತು. ಆ ಶ್ರೇಯಾಂಕದವರು ಅಲ್ಲಿಗೆ ತಲಪಿದುದು ಅದೇ ಮೊದಲು.

ಪ್ರೀತಿಯಿಂದ ಊಹಿಸಬೇಕೋ, ವಿವೇಕದಿಂದ ಊಹಿಸಬೇಕೋ? ಈ ಪ್ರಶ್ನೆಗೆ ಸಿಸ್ಟರ್ ಜೀನ್ ಡೊಲೊರೆಸ್ ಸ್ಮಿತ್ ಅವರಿಗಿಂತ ಚೆನ್ನಾಗಿ ಉತ್ತರಿಸಿದವರನ್ನು ನಾವು ಕಾಣೆವು. 1919ರಲ್ಲಿ ಹುಟ್ಟಿದ ಈ ಧರ್ಮಭಗಿನಿ 1994ರಿಂದ ಲೊಯೋಲಾ ತಂಡದ ಆಧ್ಯಾತ್ಮಿಕ ಸಲಹೆಗಾರ್ತಿಯಾಗಿದ್ದರು. ಪಂದ್ಯಕ್ಕೆ ಮುನ್ನ ಅವರು ಹೇಳಿಕೊಡುತ್ತಿದ್ದ ಪ್ರಾರ್ಥನೆಯಲ್ಲಿ ಎದುರಾಳಿಗಳ ಬಲಾಬಲದ ವಿವರವೂ ಸೇರಿರುತ್ತಿತ್ತು. ದೇವರಿಗೆ ಆ ಮಾಹಿತಿ ಬೇಕಾಗಿರಲಿಲ್ಲ, ಹುಡುಗರಿಗೆ ಬೇಕಾಗಿತ್ತು. 2018ರಲ್ಲಿ, ತೊಂಬತ್ತೆಂಟರ ಪ್ರಾಯದಲ್ಲಿ, ಅವರೂ ತಮ್ಮ ಹಾಳೆಯನ್ನು ತುಂಬಿದರು. ಹನ್ನೊಂದನೆಯ ಶ್ರೇಯಾಂಕದ ತಮ್ಮ ಹುಡುಗರು ಕೊನೆಯ ಹದಿನಾರರ ಘಟ್ಟಕ್ಕೆ ಬರುವರೆಂದೂ, ಅಲ್ಲಿ ಸೋಲುವರೆಂದೂ ಬರೆದರು. ಹುಡುಗರು ಮಯಾಮಿಯನ್ನು ಎರಡು ಅಂಕಗಳಿಂದ, ಟೆನ್ನೆಸಿಯನ್ನು ಒಂದು ಅಂಕದಿಂದ ಸೋಲಿಸಿ ಅಲ್ಲಿಗೆ ಬಂದರು. ನೆವಾಡವನ್ನೂ ಒಂದೇ ಅಂಕದಿಂದ ಸೋಲಿಸಿ ಸಿಸ್ಟರ ಹಾಳೆಯನ್ನು ಕೆಡಿಸಿದರು. ಹಾಗೆ ಕೆಡಿಸಿದುದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಂಡರು. ಮುಂದೆ ಕ್ಯಾನ್ಸಸ್ ಸ್ಟೇಟನ್ನೂ ಗೆದ್ದು, ಪವಿತ್ರ ಶನಿವಾರದಂದು ಉಪಾಂತ್ಯದಲ್ಲಿ ಮಿಷಿಗನ್ ತಂಡಕ್ಕೆ ಸೋತರು. ಆ ಸೋಲನ್ನು ಊಹಿಸಿರದ ಸಿಸ್ಟರ್ ಗಾಲಿಕುರ್ಚಿಯಲ್ಲಿ ಅಂಗಣದ ಬದಿಯಲ್ಲೇ ಇದ್ದರು. 2025ರ ಅಕ್ಟೋಬರಿನಲ್ಲಿ, ನೂರಾರು ವರ್ಷ ಎಂದು ನಾವು ಹರಸುವ ಮಾತನ್ನು ಮೀರಿ ನೂರಾರನೆಯ ವಯಸ್ಸಿನಲ್ಲಿಯೇ, ಅವರು ದೈವಾಧೀನರಾದರು.

ಮನೆಯೊಳಗಿನ ಈ ವಿನೋದಕ್ಕೆ ಹಣ ಸೇರಿದಾಗ ಬಣ್ಣ ಬದಲಾಗುತ್ತದೆ. 1977ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಒಂದು ಮದ್ಯದಂಗಡಿಯಲ್ಲಿ 88 ಮಂದಿ ತಲಾ ಹತ್ತು ಡಾಲರ್ ಹಾಕಿ ಊಹಿಸಿದರು, ಗೆದ್ದವನಿಗೆ ಎಲ್ಲವೂ. 2006ರ ಹೊತ್ತಿಗೆ ಅದೇ ಅಂಗಡಿಯ ನಿಧಿ ಹದಿನೈದು ಲಕ್ಷ ಡಾಲರನ್ನು ಮೀರಿ, ತೆರಿಗೆ ಇಲಾಖೆಯ ಕಣ್ಣಿಗೆ ಬಿದ್ದು ನಿಂತುಹೋಯಿತು. 2018ರ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕ್ರೀಡಾ ಬಾಜಿಯನ್ನು ತಡೆದಿದ್ದ ಕೇಂದ್ರ ಕಾನೂನನ್ನು ರದ್ದುಪಡಿಸಿದ ಬಳಿಕ, ಅನೇಕ ರಾಜ್ಯಗಳಲ್ಲಿ ಕೈಯೊಳಗಿನ ಫೋನೇ ಜೂಜಿನ ಕಟ್ಟೆಯಾಯಿತು. ಕಾಲೇಜು ಹುಡುಗನೊಬ್ಬ ಒಂದು ಎಸೆತ ತಪ್ಪಿದರೆ ಅವನನ್ನು ಶಪಿಸುವ ಅಪರಿಚಿತರು ಹುಟ್ಟಿಕೊಂಡರು. ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಬೇಕಾಗಿ ಬಂದುದು ಏಕೆಂದು, ಕ್ರಿಕೆಟ್ ಋತುವಿನಲ್ಲಿ ಮಕ್ಕಳ ಸಾಲ ತೀರಿಸಿದ ತಂದೆತಾಯಿಗಳು ಬಲ್ಲರು.

ಧರ್ಮಸಭೆ ಈ ವಿಷಯದಲ್ಲಿ ಅನೇಕರು ಭಾವಿಸುವಷ್ಟು ಕಠಿಣವಾಗಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದದ ಪ್ರಕಾರ ಅದೃಷ್ಟದ ಆಟವಾಗಲಿ ಬಾಜಿಯಾಗಲಿ ತಮ್ಮಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲ; ತನ್ನ ಮತ್ತು ತನ್ನನ್ನು ನಂಬಿದವರ ಅಗತ್ಯಗಳಿಗೆ ಬೇಕಾದುದನ್ನು ಅವು ಕಸಿದುಕೊಂಡಾಗ ಅಸಮ್ಮತವಾಗುತ್ತವೆ, ಮತ್ತು ಜೂಜಿನ ವ್ಯಾಮೋಹ ದಾಸ್ಯವಾಗುವ ಅಪಾಯವಿದೆ. ಮೋಸದ ಆಟ ಗಂಭೀರ ಪಾಪವೆಂದೂ ಅಲ್ಲಿ ಹೇಳಿದೆ, ನಷ್ಟ ಅತ್ಯಲ್ಪವಾಗಿದ್ದರೆ ಮಾತ್ರ ರಿಯಾಯಿತಿ. ಧರ್ಮಕೇಂದ್ರದ ಹಬ್ಬದಂದು ಹೌಸಿ ಆಡಿಸಿ, ಲಕ್ಕಿ ಡ್ರಾ ಟಿಕೆಟ್ಟುಗಳನ್ನು ಮನೆಮನೆಗೆ ಮಾರಿ ಬರುವ ನಾವು ಹತ್ತು ಡಾಲರಿನ ಬ್ರಾಕೆಟ್ಟಿಗೆ ಹುಬ್ಬು ಗಂಟಿಕ್ಕುವುದು ಸರಿಯೆನಿಸದು. ಆದರೂ ಎರಡಕ್ಕೂ ಒಂದು ವ್ಯತ್ಯಾಸವುಂಟು. ಹೌಸಿಯ ಚೀಟಿಗೆ ಮನಸ್ಸಿಲ್ಲ. ಬ್ರಾಕೆಟ್ಟಿನಲ್ಲಿರುವುದು ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು, ಅವರನ್ನು ಕೊಳ್ಳಲು ಯತ್ನಿಸುವವರು ಇರುತ್ತಾರೆ.

ಅಂಥ ಒಬ್ಬ ಹುಡುಗ ಜೂನಿಯಸ್ ಕೆಲ್ಲಾಗ್. ನ್ಯೂಯಾರ್ಕಿನ ಮ್ಯಾನ್‌ಹಟನ್ ಕಾಲೇಜು ಕ್ರೈಸ್ತ ಸಹೋದರರದು. ಅದರ ಬಾಸ್ಕೆಟ್‌ಬಾಲ್ ತಂಡದ ಮೊದಲ ಕಪ್ಪು ಜನಾಂಗದ ಆಟಗಾರ ಅವನು. 1951ರ ಜನವರಿಯಲ್ಲಿ, ಷಿಕಾಗೊದ ಇನ್ನೊಂದು ಕಥೋಲಿಕ ಸಂಸ್ಥೆಯಾದ ಡಿಪಾಲ್ ವಿರುದ್ಧ ಪಂದ್ಯವಿತ್ತು. ಅದೇ ಕಾಲೇಜಿನ ಹಿಂದಿನ ವರ್ಷದ ಆಟಗಾರನೊಬ್ಬ ಅವನ ಬಳಿಗೆ ಬಂದು ಸಾವಿರ ಡಾಲರ್ ಕೊಡುವುದಾಗಿ ಹೇಳಿದ. ಸೋಲಬೇಕೆಂದಲ್ಲ, ಬಾಜಿಗಾರರು ನಿಗದಿಪಡಿಸಿದ ಅಂತರಕ್ಕಿಂತ ಕಡಿಮೆ ಅಂಕಗಳ ಅಂತರ ಉಳಿಯುವಂತೆ, ಒಂದೆರಡು ಚೆಂಡುಗಳನ್ನು ಕೈಬಿಟ್ಟರೆ ಸಾಕು. ಬಡ ಕುಟುಂಬದ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ, ಮತ್ತು ಕೇಳಿದುದು ಸೋಲನ್ನಲ್ಲವಾದುದರಿಂದ ಮನಸ್ಸಾಕ್ಷಿಯನ್ನು ಸಮಾಧಾನಪಡಿಸಲು ಮಾರ್ಗವೂ ಇತ್ತು. ಅವನು ನೇರವಾಗಿ ತರಬೇತುದಾರರ ಬಳಿಗೆ ಹೋದ. ವಿಷಯ ಜಿಲ್ಲಾ ಅಭಿಯೋಜಕ ಫ್ರಾಂಕ್ ಹೋಗನ್ ಅವರನ್ನು ತಲಪಿತು. ತನಿಖೆ ಬೆಳೆದು, ಏಳು ಕಾಲೇಜುಗಳ ಮೂವತ್ತಕ್ಕೂ ಹೆಚ್ಚು ಆಟಗಾರರ ಹೆಸರುಗಳು ಹೊರಬಿದ್ದವು. ಹಿಂದಿನ ವರ್ಷ ದೇಶದ ಎರಡೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದಿದ್ದ ನ್ಯೂಯಾರ್ಕ್ ಸಿಟಿ ಕಾಲೇಜಿನ ತಂಡದವರೂ ಅವರಲ್ಲಿ ಇದ್ದರು.

ಡಿಪಾಲ್ ವಿರುದ್ಧದ ಆ ಪಂದ್ಯವನ್ನು ಮ್ಯಾನ್‌ಹಟನ್ ಗೆದ್ದಿತು. ಕೆಲ್ಲಾಗ್ ಮುಂದೆ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಸೇರಿದರು. 1954ರಲ್ಲಿ ಕಾರು ಅಪಘಾತದಲ್ಲಿ ದೇಹದ ಸ್ವಾಧೀನ ಹೋಯಿತು. ಅಲ್ಲಿಂದ ಮುಂದೆ ಅವರು ಗಾಲಿಕುರ್ಚಿಯಲ್ಲಿ ಆಡುವವರ ಬಾಸ್ಕೆಟ್‌ಬಾಲ್ ತಂಡಗಳಿಗೆ ತರಬೇತಿ ಕೊಡುತ್ತ, 1998ರಲ್ಲಿ ತೀರಿಕೊಂಡರು.