ಎಕ್ಕದ ಜೋಡಿಯೂ ಸೋಲುವಾಗ

2024ರಲ್ಲಿ ಅಮೆರಿಕದ ಲಾಸ್ ವೇಗಾಸಿನಲ್ಲಿ ಜರುಗಿದ ಪೋಕರ್ ಪಂದ್ಯಾವಳಿಯೊಂದರ ಪ್ರವೇಶಧನವೇ ಎರಡೂವರೆ ಲಕ್ಷ ಡಾಲರು! ಅದನ್ನು ಗೆದ್ದು ಸುಮಾರು 54 ಲಕ್ಷ ಡಾಲರು ಪಡೆದವರು ಭಾರತದ ಸಂತೋಷ್ ಸುವರ್ಣ. ಇದು ಜಾಣತನವೋ ಅದೃಷ್ಟವೋ ಎಂದು ವಾಚಕರು ಕೇಳಬಹುದು.

ಇಸ್ಪೀಟಿನ 52 ಎಲೆಗಳಿಂದ ಆಟಗಾರನ ಕೈಗೆ ಮೊದಲು ಬರುವ ಎರಡೆಲೆಗಳಲ್ಲಿ 1,326 ಬಗೆಗಳುಂಟು. ಎಕ್ಕದ ಜೋಡಿಗಳು ಆರೇ. ಅಂಥ ಜೋಡಿಯು ರಾಜನ ಜೋಡಿಯನ್ನು ನೂರರಲ್ಲಿ ಸುಮಾರು 82 ಸಲ ಸೋಲಿಸುತ್ತದೆ. ಆದರೆ ಪಂದ್ಯಾವಳಿಯಲ್ಲಿ ಬಿಲ್ಲೆಗಳೆಲ್ಲ ತೀರಿದವನು ಎದ್ದುಹೋಗಬೇಕಷ್ಟೆ. ಸರ್ವಸ್ವವನ್ನೂ ಒಡ್ಡಿ ಇಂಥ ಐದು ಪಣಗಳನ್ನು ಸಾಲಾಗಿ ಗೆಲ್ಲುವ ಸಂಭವ ನೂರಕ್ಕೆ 37 ಮಾತ್ರ. ಸರಿಯಾಗಿ ಆಡಿದವನೂ ಬಹುದಿನ ಬರಿಗೈಯಲ್ಲಿ ಮರಳುವನು. ಆದುದರಿಂದಲೇ ವೃತ್ತಿಯ ಆಟಗಾರರು ಬಂಡವಾಳದ ಅಲ್ಪಾಂಶವನ್ನಷ್ಟೇ ಒಂದು ಪಂದ್ಯಕ್ಕೆ ತೊಡಗಿಸುವರು. ದುಬಾರಿ ಪಂದ್ಯವಾದರೆ, ಬರಬಹುದಾದ ಬಹುಮಾನದ ಪಾಲನ್ನು ಮೊದಲೇ ಪರರಿಗೆ ಮಾರುವುದೂ ಉಂಟು.